ಸೊಪ್ಪಿಗೆ ಸೊಪ್ಪು, ದಂಟಿಗೆ ದಂಟು

ಮೆಲ್ಬರ್ನ್‌ನಲ್ಲಿ ಯಾವ ಕನ್ನಡದೋರ ಮನೆ ಹಿತ್ತಲಿಗೆ ಹೋದ್ರೂ ಮೊದಲು ತೋರ್ಸೋದು ಕರಿಬೇವಿನ ಗಿಡ. ಚಳಿಗೆ ಎಲೆ ಉದುರಿಸ್ಕೊಂಡು ಕುಂಡದಲ್ಲಿ ಮುದುಡ್ಕೊಂಡಿರತ್ತೆ, ಅದಕ್ಕೆ ಮಾಡೋ ಉಪಚಾರ ಬಾಣಂತಿಗೂ ಮಾಡಲ್ಲ. ಅದರ ಪಕ್ಕದಲ್ಲೇ ಯಾರೂ ಕ್ಯಾರೇ ಅನ್ನದೇ ಇದ್ರೂ ಮೊಣಕಾಲೆತ್ತರ ಬೆಳ್ಕೊಂಡು ನಿಂತಿರತ್ತೆ ಸಿಲ್ವರ್‌ಬೀಟ್, ಅಮೆರಿಕದೋರು ಸ್ವಿಸ್ ಚಾರ್ಡ್ ಅಂತಾರಲ್ಲ ಅದೇ. ನನ್ನ ವೋಟು ಅದಕ್ಕೆ.

ಅಸಲಿಗೆ ಇದು ಬೀಟ್‌ರೂಟೇ, ಎರಡೂ ಬೀಟಾ ವಲ್ಗ್ಯಾರಿಸ್. ಸಮುದ್ರದ ದಂಡೇಲಿ ಬೆಳೀತಿದ್ದ ಒಂದು ಕಾಡು ಗಿಡನ ಜನ ಗಡ್ಡೆಗೋಸ್ಕರ ಆರಿಸ್ತಾ ಬಂದ್ರು ಬೀಟ್‌ರೂಟ್ ಆಯ್ತು, ಎಲೆ ದಂಟು ನೋಡಿ ಆರಿಸಿದ್ರು ಇದಾಯ್ತು. ಬೀಜಾನೂ ಒಂದೇ ಥರ, ಒರಟೊರಟು ಕಂದು ಉಂಡೆ. ನೋಡಕ್ಕೆ ಒಂದು, ಒಳಗೆ ಎರಡು ಮೂರು ಬೀಜ ಅಂಟ್ಕೊಂಡಿರತ್ತೆ, ಹಂಗಾಗಿ ಎಣಿಸಿ ಹಾಕಿದ್ರೂ ಗುಂಪಾಗೇ ಮೊಳೆಯೋದು. ಗಟ್ಟಿಯಾಗಿರೋದೊಂದನ್ನ ಬಿಟ್ಟು ಮಿಕ್ಕಿದ್ದನ್ನ ಕತ್ತರೀಲಿ ಕತ್ತರಿಸಿ ತೊವ್ವೆಗೆ ಹಾಕ್ಬಿಡಿ, ಕೀಳಕ್ಕೆ ಹೋದ್ರೆ ಪಕ್ಕದ್ದರ ಬೇರೂ ಎದ್ದು ಬರತ್ತೆ. ಗಿಡಕ್ಕೂ ಗಿಡಕ್ಕೂ 30 ಸೆಂಟಿಮೀಟರ್ ಜಾಗ ಬಿಟ್ರೆ ಸಾಕು.

ಇಲ್ಲಿ ಕಾಲ ಉಲ್ಟಾ ಅಲ್ವಾ, ಊರಲ್ಲಿ ಮಾವು ಚಿಗುರಿ ಯುಗಾದಿ ಮಾಡೋ ಹೊತ್ತಿಗೆ ನಮ್ಮ ಬೀದಿ ಮರಗಳು ಎಲೆ ಉದುರಿಸಕ್ಕೆ ಶುರು ಮಾಡಿರ್ತವೆ, ದಂಟು ಹರಿವೆ ಎಲ್ಲ ಬಿಸಿಲು ಕೇಳೋ ಸೊಪ್ಪು, ಚಳಿ ಬಿದ್ರೆ ಮೇಲೇಳಲ್ಲ. ಆಗ ಹಾಕ್ಬೇಕು ಇದನ್ನ. ಜೂನ್‌ನಲ್ಲಿ ಬೆಳಗ್ಗೆ ಎಲೆ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಗಿಡ ಸೋತು ಮಲಗಿರತ್ತೆ, ಹತ್ತು ಗಂಟೆ ಬಿಸಿಲಿಗೆ ಎದ್ದು ನಿಂತ್ಕೊಳತ್ತೆ.

ಸೊಪ್ಪು ಕೀಳೋದ್ರಲ್ಲೇ ಒಂದು ಸುಖ ಇದೆ. ಹೊರಗಿನ ಎಲೆ ದಂಟನ್ನ ಬುಡದಲ್ಲಿ ಹಿಡಿದು ಪಕ್ಕಕ್ಕೆ ತಿರುಚಿದ್ರೆ ಲಟಕ್ ಅಂತ ಕೈಗೆ ಬರತ್ತೆ. ನಡುವಿನ ಸುಳಿ ಮುಟ್ಟಬಾರ್ದು, ಅಲ್ಲಿಂದಾನೇ ಮುಂದಿನ ವಾರದ ಸೊಪ್ಪು. ಎಲೆ ಮಡಿಕೆಯೊಳಗೆ ಬಸವನಹುಳು ಕೂತಿರತ್ತೆ, ಉಪ್ಪು ನೀರಲ್ಲಿ ನೆನೆಸಿ ಬಿಡಿಸಿ. ಎಲೇಲಿ ಬೆಳ್ಳಗೆ ಗುಳ್ಳೆ ಥರ ಕಂಡ್ರೆ ಅದರ ಎರಡು ಸಿಪ್ಪೆ ನಡುವೆ ಹುಳ ಸುರಂಗ ಕೊರೀತಿದೆ ಅಂತ, ಆ ಎಲೆ ಕಿತ್ತು ಕಸಕ್ಕೆ ಹಾಕೋದೇ, ಔಷಧಿ ಹೊಡೆದ್ರೂ ಒಳಗಿರೋದಕ್ಕೆ ತಾಕಲ್ಲ.

ಕೆಂಪು ಹಳದಿ ಕಿತ್ತಳೆ ಬಣ್ಣದ ದಂಟಿಂದೂ ಸಿಗತ್ತೆ, ಬ್ರೈಟ್ ಲೈಟ್ಸ್ ಅಂತ, 1998ರಲ್ಲಿ ಅಮೆರಿಕದಲ್ಲಿ ಪ್ರೈಜ್ ಬಂದಿತ್ತು. ಫೋಟೋಗೆ ಚೆಂದ. ಕೆಂಪು ದಂಟು ಹಾಕಿ ಮಸ್ಸೊಪ್ಪು ಮಾಡಿದ್ರೆ ಬೇಳೆ ಎಲ್ಲ ಗುಲಾಬಿ ಆಗತ್ತೆ, ನಮ್ಮನೇಲಿ ಮಕ್ಕಳು ತಟ್ಟೆ ನೋಡಿ ಎದ್ದು ಹೋಗ್ತಾರೆ. ಅಡುಗೆಗೆ ಬಿಳಿ ದಂಟಿನ ಫೋರ್ಡ್‌ಹುಕ್ ಜೈಂಟೇ ಸರಿ. ದಂಟು ಬೆರಳುದ್ದ ಹೆಚ್ಚಿ ಹುಳಿಗೆ ಹಾಕಿ, ಎಲೆ ಬೇರೆ ಇಟ್ಕೊಂಡು ಕೊನೆಗೆ ಹಾಕಿ, ಒಟ್ಟಿಗೆ ಹಾಕಿದ್ರೆ ದಂಟು ಬೇಯೋಷ್ಟ್ರಲ್ಲಿ ಎಲೆ ಕರಗಿ ಹೋಗಿರತ್ತೆ.

ಆದ್ರೆ ಇದು ಹುಟ್ಟಿರೋದೇ ಬಸ್ಸಾರಿಗೆ ಅಂತ ನನ್ನ ವಾದ. ಹಲಸಂದೆ ಕಾಳಿನ ಜೊತೆ ಬೇಯಿಸಿ ಬಸಿದು, ಆ ಕಟ್ಟಿಗೆ ಕಾಯಿ ಈರುಳ್ಳಿ ಬೆಳ್ಳುಳ್ಳಿ ಖಾರ ರುಬ್ಬಿ ಹಾಕಿ, ಈಕಡೆ ಪಲ್ಯಕ್ಕೊಂದು ಒಗ್ಗರಣೆ, ನಡುವೆ ಮುದ್ದೆ. ಇದ್ರಲ್ಲಿ ಪಾಲಕ್ ಥರ ಆಕ್ಸಲೇಟ್ ಅನ್ನೋ ಕಲ್ಲು ಕಟ್ಟಿಸೋ ಅಂಶ ಜಾಸ್ತಿ, ಬೇಯಿಸಿದ ನೀರು ಚೆಲ್ಲಿ ಅಂತಾರೆ ಇಲ್ಲಿನೋರು, ಮಂಡ್ಯ ಕಡೆಯೋಳಿಗೆ ಬಸಿದ ನೀರು ಚೆಲ್ಲು ಅಂದ್ರೆ! ಕಿಡ್ನೀಲಿ ಕಲ್ಲಾಗೋರು ಮಾತ್ರ ಈ ಕಡೆ ತಲೆ ಹಾಕ್ಬೇಡಿ, ನಮ್ಮೆಜಮಾನ್ರಿಗೆ ಅದಕ್ಕೇ ಆವತ್ತು ಸೌತೆಕಾಯಿ ಹುಳಿ.

ಪಕ್ಕದ ಮನೆ ಗ್ರೀಕ್ ಅಜ್ಜಿ ಬೇಲಿ ಆಚೆಯಿಂದ ನೋಡಿ ನಗ್ತಾರೆ, ಅವರು ಇದನ್ನೇ ಫೆಟಾ ಚೀಸ್ ಜೊತೆ ಪೈ ಮಾಡ್ತಾರೆ. ಮಂಗಳೂರು ಕಡೆ ಫ್ರೆಂಡ್ ಒಬ್ಬಳು ಅಕ್ಕಿಹಿಟ್ಟು ಹಚ್ಚಿ ಸುತ್ತಿ ಪತ್ರೊಡೆ ಮಾಡಿದ್ಲು, "ತುರಿಸೋದೇ ಇಲ್ಲ ಮಾರಾಯ್ತಿ" ಅಂತ ಖುಷಿ. ಸ್ವಿಟ್ಜರ್‌ಲೆಂಡಿನ ಗ್ರೌಬುಂಡೆನ್ ಕಡೆ ಕಾಪುನ್ಸ್ ಅಂತ ಮಾಡೋದೂ ಹೆಚ್ಚುಕಮ್ಮಿ ಅದೇನೇ, ಹಿಟ್ಟನ್ನ ಈ ಎಲೇಲಿ ಸುತ್ತಿ ಬೇಯಿಸೋದು, ಮಾಂಸದ ಚೂರು ಚೀಸು ಬೇರೆ ಹಾಕ್ತಾರೆ ಅಷ್ಟೇ.

ದೀಪಾವಳಿ ಹೊತ್ತಿಗೆ, ಅಂದ್ರೆ ಇಲ್ಲಿನ ವಸಂತ, ಚಳಿ ಕಂಡ ಗಿಡ ಹೂದಂಟು ಎಬ್ಬಿಸಿ ಆಳೆತ್ತರ ಹೋಗತ್ತೆ, ಎಲೆ ಕಹಿ ಆಗತ್ತೆ. ಬೀಜಕ್ಕೆ ಬಿಡೋಣ ಅಂದ್ರೆ ಹತ್ತಿರದಲ್ಲಿ ಬೀಟ್‌ರೂಟ್ ಹೂ ಬಿಟ್ಟಿರಬಾರ್ದು, ಗಾಳೀಲೇ ಪರಾಗ ಹೋಗಿ ಬೆರೆತ್ರೆ ಮುಂದಿನ ಸಲ ಗಡ್ಡೇನೂ ನೆಟ್ಟಗಿರಲ್ಲ ದಂಟೂ ನೆಟ್ಟಗಿರಲ್ಲ. ಅಜ್ಜಿ ಬೀಟ್‌ರೂಟ್ ಬೆಳೆಯೋದೇ ಇಲ್ಲ, ಹಂಗಾಗಿ ಬೀಜ ಅವರ ಹತ್ರಾನೇ ಇಸ್ಕೋತೀನಿ, ಬದಲಿಗೆ ನಮ್ಮ ಅಡುಗೆಮನೆ ಡಬ್ಬಿಯಿಂದ ಬಿತ್ತಕ್ಕೆ ಒಂದು ಹಿಡಿ ಧನಿಯಾ ಕೇಳ್ತಾರೆ.