ಕಾರ್ಡ್ ರೀಡರ್ ಹಾಕೋದಕ್ಕೂ ಇಷ್ಟು ಗೋಳಾ?

ಕ್ಯಾಮೆರಾದ ಎಸ್‌ಡಿ ಕಾರ್ಡಿನಿಂದ ಮದುವೆ ಫೋಟೋ ಬೇಗ ಇಳಿಸಿಕೊಳ್ಳೋಣ ಅಂತ ಹಳೇ ಲ್ಯಾಪ್‌ಟಾಪಿನ ಎಕ್ಸ್‌ಪ್ರೆಸ್‌ಕಾರ್ಡ್ ಸ್ಲಾಟಿಗೆ (ಹೆಚ್ಚುವರಿ ಸಾಧನ ತೂರಿಸೋ ಬಾಯಿ) ರೀಡರ್ ತಂದರೆ, ಅದೂ ಯುಎಸ್‌ಬಿ 2.0 ವೇಗದಲ್ಲೇ ತೆವಳುತ್ತಿದೆ. ಸಾಕಾಗಿ ಹೋಯಿತು! ಆ ಸ್ಲಾಟಿನಲ್ಲಿ ಡೇಟಾ ಹರಿಯೋಕೆ ವೇಗದ ಪಿಸಿಐ ಎಕ್ಸ್‌ಪ್ರೆಸ್, ನಿಧಾನದ ಯುಎಸ್‌ಬಿ ಎರಡೂ ದಾರಿ ಇವೆ. ರೀಡರ್ ಯಾವುದನ್ನು ಹಿಡಿಯುತ್ತದೆ ಅಂತ ಡಬ್ಬದ ಮೇಲೆ ಒಂದು ಸಾಲು ಬರೆದಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಅಳತೆಯ ಗೋಳು ಬೇರೆ. ಎಕ್ಸ್‌ಪ್ರೆಸ್‌ಕಾರ್ಡಿಗೂ ಮೊದಲಿದ್ದ ಹಳೇ ಪಿಸಿ ಕಾರ್ಡ್ 54 ಮಿ.ಮೀ. ಅಗಲ. ಎಕ್ಸ್‌ಪ್ರೆಸ್‌ಕಾರ್ಡಿನಲ್ಲಿ 34ರದ್ದೊಂದು, 54ರದ್ದೊಂದು. ಪಿಸಿ ಕಾರ್ಡಿನದೂ ಈ 54ರದ್ದೂ ಹೊರಗಿನಿಂದ ಬಾಯಿ ಒಂದೇ ಥರ, ಒಳಗಿನ ಜೋಡಣೆಯೇ ಬೇರೆ. ಅಂಗಡಿಯವರೋ, ‘ಎಲ್ಲದಕ್ಕೂ ಆಗುತ್ತೆ ಸಾರ್’ ಅಂತಾರೆ. 34ರದ್ದನ್ನು 54ರ ಬಾಯಿಗೆ ಹಾಕಿದರೆ ಪಕ್ಕದಲ್ಲಿ ಅಷ್ಟಗಲ ಸಂದಿ. ಸ್ವಲ್ಪ ಅಲ್ಲಾಡಿದರೂ ಕಾಪಿ ಅರ್ಧಕ್ಕೇ ನಿಲ್ಲುತ್ತದೆ. ಮತ್ತೆ ಮೊದಲಿಂದ! ಹೊಸ ಲ್ಯಾಪ್‌ಟಾಪುಗಳಲ್ಲಂತೂ ಆ ಸ್ಲಾಟೇ ಇಲ್ಲ. ಅಂಚೆಚೀಟಿಯಷ್ಟಿರೋ ಎಸ್‌ಡಿ ಕಾರ್ಡಿಗೆ ಒಂದು ಜಾಗ ಕೊಡೋಕೆ ಇಷ್ಟು ಜಿಪುಣತನವಾ?