ಊರೆಲ್ಲ ಒಂದೊಂದು ರೂಪಾಯಿ ಓದಿಸಿದ ಮದುವೆ

ಅಕ್ಕನ ಮದುವೆಯ ಮುಯ್ಯಿ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಬೇಕೆಂಬ ಯೋಚನೆ ಬಂದಾಗ ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯಲು ಶುರುಮಾಡಿ ಮೂರು ವಾರವಾಗಿತ್ತು. ಕಲಿತದ್ದನ್ನು ಮನೆಯಲ್ಲಿ ಯಾರಿಗಾದರೂ ತೋರಿಸದೆ ಹೋದರೆ ಅನ್ನ ಅರಗದು ಎಂಬ ಸ್ಥಿತಿಯಲ್ಲಿದ್ದೆ. ಆ ಪುಸ್ತಕ ನಮ್ಮ ಮನೆಯಲ್ಲಿ ಪಹಣಿಯಷ್ಟೇ ಮುಖ್ಯವಾದ ದಾಖಲೆ. ಯಾರ ಮನೆಯಿಂದ ಮದುವೆಯ ಕರೆಯೋಲೆ ಬಂದರೂ ಅಮ್ಮ ಮೊದಲು ಅದನ್ನು ತೆರೆದು, ಅವರು ನಮ್ಮಲ್ಲಿ ಎಷ್ಟು ಓದಿಸಿದ್ದರು ಎಂದು ನೋಡಿ, ಅದಕ್ಕೆ ತಕ್ಕ ಕವರನ್ನು ಸಿದ್ಧಮಾಡುತ್ತಾರೆ. ಹುಡುಕಲು ಅರ್ಧ ಗಂಟೆ ಹಿಡಿಯುತ್ತಿದ್ದ ಈ ಕೆಲಸವನ್ನು ಅರ್ಧ ಸೆಕೆಂಡಿಗೆ ಇಳಿಸುತ್ತೇನೆಂದು ನಾನು ಊಟದ ಹೊತ್ತಿನಲ್ಲಿ ಘೋಷಿಸಿಬಿಟ್ಟೆ.

ಸಾಲುಗಳೇನೋ ಸರಳವಾಗಿದ್ದವು: ಹೆಸರು, ಅಲ್ಪವಿರಾಮ, ಊರು ಅಥವಾ ಬೀದಿ, ಇನ್ನೊಂದು ಅಲ್ಪವಿರಾಮ, ಕೊನೆಯಲ್ಲಿ ಮೊತ್ತ. ಮೊದಲ ಪುಟದ 24 ಸಾಲುಗಳನ್ನು ಟೈಪು ಮಾಡಿ, ಮೊತ್ತವನ್ನು ಹೆಕ್ಕಲು, ಬರಹದಲ್ಲಿ ಬೇಕಾದ ತುಣುಕನ್ನು ಚಿಹ್ನೆಗಳ ವಿನ್ಯಾಸದಿಂದ ಹುಡುಕಿಕೊಡುವ ನನ್ನ ಜೀವನದ ಮೊದಲ ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆದೆ. ಒಂದು ಚುಕ್ಕೆ, ಪಕ್ಕದಲ್ಲಿ ನಕ್ಷತ್ರ, ಅದರ ಮುಂದೆ ಕಂಸದೊಳಗೆ ಬ್ಯಾಕ್‌ಸ್ಲ್ಯಾಷ್ ಡಿ ಮತ್ತು ಪ್ಲಸ್. ಚುಕ್ಕೆಯೆಂದರೆ ಯಾವುದೇ ಅಕ್ಷರ, ನಕ್ಷತ್ರವೆಂದರೆ ಎಷ್ಟು ಸಲವಾದರೂ, ಬ್ಯಾಕ್‌ಸ್ಲ್ಯಾಷ್ ಡಿ ಎಂದರೆ ಅಂಕಿ, ಪ್ಲಸ್ ಎಂದರೆ ಒಂದು ಅಥವಾ ಹೆಚ್ಚು. ಏನಾದರೂ ಇರಲಿ, ಕೊನೆಗೆ ಸಿಕ್ಕುವ ಸಂಖ್ಯೆಯನ್ನು ಕೊಡು ಎಂಬುದು ನನ್ನ ಭಾವಾರ್ಥ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಓಡಿಸಿದೆ. ಒಟ್ಟು ಮೊತ್ತ 34 ರೂಪಾಯಿ ಎಂದು ಬಂತು.

"ಏನೋ ಇದು, ಊರೆಲ್ಲ ಸೇರಿ ಒಂದೊಂದು ರೂಪಾಯಿ ಓದಿಸಿ ಹೋಳಿಗೆ ಊಟ ಮಾಡಿಕೊಂಡು ಹೋದರಾ?" ಎಂದು ಅಮ್ಮ ಕೇಳಿದರು.

ಪರದೆಯ ಮೇಲೆ ನಿಜಕ್ಕೂ ಹಾಗೆಯೇ ಇತ್ತು. 22 ಮನೆಗಳವರು ತಲಾ 1 ರೂಪಾಯಿ. ಪಾವಗಡದ ಕಡೆಯ ಎರಡು ಮನೆಗಳವರು ಮಾತ್ರ ತಲಾ 6 ರೂಪಾಯಿ. ಆಂಧ್ರದ ಗಡಿಯ ಆ ನೆಂಟರು 116 ಓದಿಸುವ ವಾಡಿಕೆಯವರು ಎಂಬುದು ನೆನಪಾದಾಗ ರೋಗದ ಮೂಲ ಸ್ವಲ್ಪ ಹೊಳೆಯಿತು. ನಕ್ಷತ್ರವು ಮೊದಲ ಪಂಕ್ತಿಯಲ್ಲಿ ಕೂತ ಹಸಿದ ನೆಂಟನ ಹಾಗೆ: ಹೆಸರು, ಊರು, ಮೊತ್ತ ಎಲ್ಲವನ್ನೂ ಸಾಲಿನ ಕೊನೆಯವರೆಗೆ ತಾನೇ ನುಂಗಿಬಿಡುತ್ತದೆ, ಹಿಂದಿನವರಿಗೂ ಸ್ವಲ್ಪ ಬೇಕು ಎಂದಾಗ ಒಂದೊಂದೇ ಅಕ್ಷರವನ್ನು ಹಿಂದಕ್ಕೆ ಕೊಡುತ್ತದೆ. ಪ್ಲಸ್ಸಿಗೆ ಒಂದೇ ಅಂಕಿ ಸಿಕ್ಕರೂ ತೃಪ್ತಿಯಾದ್ದರಿಂದ, 501ರಲ್ಲಿ 50 ನಕ್ಷತ್ರದ ಹೊಟ್ಟೆಯಲ್ಲೇ ಉಳಿದು, ಶುಭಕ್ಕೆಂದು ಸೇರಿಸಿದ ಆ ಒಂದು ರೂಪಾಯಿ ಮಾತ್ರ ನಮ್ಮ ಪಾಲಿಗೆ ಬಂದಿತ್ತು. ಈ ನಕ್ಷತ್ರವನ್ನು ಅಮೆರಿಕದ ಗಣಿತಜ್ಞ ಸ್ಟೀಫನ್ ಕ್ಲೀನಿಯವರ ಹೆಸರಿನಿಂದಲೇ ಕರೆಯುತ್ತಾರೆ. ಅವರು 1951ರಲ್ಲಿ ಇಂಥ ವಿನ್ಯಾಸಗಳ ಬಗ್ಗೆ ಬರೆದದ್ದು ನರಕೋಶಗಳ ಜಾಲವೊಂದರ ಗಣಿತ ಮಾದರಿಯನ್ನು ಅರಿಯಲಿಕ್ಕಾಗಿ. ತುಮಕೂರಿನ ಛತ್ರವೊಂದರ ಮುಯ್ಯಿ ಲೆಕ್ಕ ಅವರ ಮನಸ್ಸಿನಲ್ಲಿ ಇದ್ದಿರಲಾರದು.

ನಕ್ಷತ್ರದ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟರೆ ಅದರ ಹೊಟ್ಟೆಬಾಕತನ ಇಳಿಯುತ್ತದೆಂದು ಓದಿ ಹಾಗೆಯೇ ಮಾಡಿದೆ. ಇಳಿದದ್ದು ಅತಿಯಾಯಿತು. ಈಗ ಸಾಲಿನಲ್ಲಿ ಮೊಟ್ಟಮೊದಲು ಕಂಡ ಸಂಖ್ಯೆಗೇ ಅದು ಕೈಹಾಕಿದ್ದರಿಂದ, 7ನೇ ಕ್ರಾಸಿನಲ್ಲಿ ವಾಸವಿರುವ ಸೋದರಮಾವನವರ ಮುಯ್ಯಿ 7 ರೂಪಾಯಿಯಾಯಿತು. ಸಂಖ್ಯೆಯ ಮುಂದೆ ಡಾಲರ್ ಚಿಹ್ನೆ ಇಟ್ಟು, ಸಾಲಿನ ಕೊನೆಯಲ್ಲಿರುವುದೇ ಬೇಕು ಎಂದು ಹಟಹಿಡಿದಾಗ 501, 251, 116 ಎಲ್ಲವೂ ಸರಿಬಂದವು. ಆದರೆ ಧಾರಾಳವಾಗಿ 1,001 ಓದಿಸಿದ್ದ ದೊಡ್ಡಪ್ಪ ಮತ್ತೆ 1 ರೂಪಾಯಿಗೆ ಇಳಿದರು, ಏಕೆಂದರೆ ನಡುವಿನ ಅಲ್ಪವಿರಾಮ ಅಂಕಿಯಲ್ಲ, ಅದರ ನಂತರ ಉಳಿಯುವ 001 ಎಂಬುದರ ಬೆಲೆ ಒಂದೇ. ಅಂಕಿಯ ಜೊತೆ ಅಲ್ಪವಿರಾಮಕ್ಕೂ ಚೌಕ ಆವರಣದೊಳಗೆ ಜಾಗ ಕೊಟ್ಟು, ಆಮೇಲೆ ಅದನ್ನು ಅಳಿಸಿಹಾಕುವಷ್ಟರಲ್ಲಿ ರಾತ್ರಿ ಹನ್ನೊಂದಾಗಿತ್ತು.

ಮೊತ್ತಕ್ಕಿಂತ ದೊಡ್ಡ ಅನಾಹುತ ಹೆಸರಿನದು. ಬ್ಯಾಕ್‌ಸ್ಲ್ಯಾಷ್ ಡಬ್ಲ್ಯು ಎಂದರೆ ಪದದಲ್ಲಿ ಬರಬಹುದಾದ ಅಕ್ಷರ ಎಂದು ನಾನು ಕಲಿತಿದ್ದೆ. ಅದರ ಮುಂದೆ ಪ್ಲಸ್ ಹಾಕಿ ಸಾಲಿನ ಮೊದಲಲ್ಲಿಟ್ಟರೆ ಹೆಸರು ಬರಬೇಕಷ್ಟೆ? ರಾಮಣ್ಣನವರು ‘ರ’ ಎಂದಷ್ಟೇ ಬಂದರು. ಸೀತಮ್ಮನವರೂ ಸುಬ್ಬಣ್ಣನವರೂ ಇಬ್ಬರೂ ‘ಸ’ ಆಗಿ ಒಂದಾಗಿಹೋದರು. ಮರಿಗೌಡರು ‘ಮರ’ವಾದರು, ಕರಿಯಪ್ಪನವರು ‘ಕರ’ವಾದರು, ಮಲ್ಲಪ್ಪನವರು ಏನಾದರೆಂಬುದನ್ನು ಇಲ್ಲಿ ಬರೆಯುವುದು ಸಭ್ಯತೆಯಲ್ಲ. ಇಡೀ ಪುಟದಲ್ಲಿ ಅಂಗಾಂಗ ಊನವಾಗದೆ ಉಳಿದವರು ಕಮಲತ್ತೆ ಒಬ್ಬರೇ. ಅಪ್ಪ ಅವರ ಹೆಸರನ್ನು ‘ಕಮಲ’ ಎಂದಷ್ಟೇ ಬರೆದದ್ದು ಅವರ ಪುಣ್ಯ.

ಕಾರಣ ತಿಳಿದಾಗ ನಗಬೇಕೋ ಅಳಬೇಕೋ ತೋಚಲಿಲ್ಲ. ಪೈಥಾನಿನ ಜೊತೆ ಬರುವ ರೆಗ್ಯುಲರ್ ಎಕ್ಸ್‌ಪ್ರೆಶನ್ ವ್ಯವಸ್ಥೆಯು ಲೋಕದ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯ ಅಕ್ಷರ ಮತ್ತು ಅಂಕಿಗಳನ್ನು ಪದದ ಭಾಗವೆಂದು ಒಪ್ಪುತ್ತದೆ. ನಮ್ಮ ದೀರ್ಘ, ಗುಡಿಸು, ಕೊಂಬು, ಸೊನ್ನೆ, ಒತ್ತು ಮೂಡಿಸುವ ವಿರಾಮ ಚಿಹ್ನೆ ಇವೆಲ್ಲ ಅಕ್ಷರಗಳಲ್ಲ, ಅಂಟಿಕೊಳ್ಳುವ ಗುರುತುಗಳು ಎಂಬ ಲೆಕ್ಕದಲ್ಲಿ ಅವುಗಳನ್ನು ಹೊರಗಿಡುತ್ತದೆ. ಹೀಗಾಗಿ ‘ಕನ್ನಡ’ ಎಂಬ ಪದವೇ ಅದರ ಕಣ್ಣಿಗೆ ‘ಕನ’ ಮತ್ತು ‘ನಡ’ ಎಂಬ ಎರಡು ಪದಗಳು. ಒಂದನೇ ತರಗತಿಯಲ್ಲಿ ಕಾಗುಣಿತ ಶುರುವಾಗುವ ಮುಂಚೆಯೇ ಶಾಲೆ ಬಿಟ್ಟ ಹುಡುಗನ ಕನ್ನಡ ಅದು: ಬಸವ, ಕಮಲ, ಗಗನದವರೆಗೆ ಏನೂ ತೊಂದರೆಯಿಲ್ಲ. ವರ್ಣಮಾಲೆಯನ್ನೇ ಕೊಡೋಣವೆಂದು ಆವರಣದೊಳಗೆ ‘ಅ’ದಿಂದ ‘ಹ’ದವರೆಗೆ ಎಂದು ಬರೆದು ನೋಡಿದೆ, ಗುರುತುಗಳ ಜಾಗ ‘ಹ’ದ ಆಚೆಗಿರುವುದರಿಂದ ಮರಿಗೌಡರು ಮರವಾಗಿಯೇ ನಿಂತಿದ್ದರು. ವಿಚಿತ್ರವೆಂದರೆ, ಅಪ್ಪ ಕೆಲವು ಕಡೆ ಕನ್ನಡದ ಅಂಕಿಗಳಲ್ಲಿ ೫೦೧ ಎಂದು ಬರೆದಿದ್ದರು, ಅದನ್ನು ಹಾಗೆಯೇ ಟೈಪು ಮಾಡಿದ್ದ ನಾನು ಭಯದಿಂದ ಕಾಯುತ್ತಿದ್ದರೆ ಪೈಥಾನ್ ತಡಬಡಿಸದೆ ಓದಿ ಕೂಡಿಸಿಕೊಂಡಿತು. ಹೆಸರು ಹೇಳಲು ಬಾರದಿದ್ದರೂ ದುಡ್ಡನ್ನು ಮಾತ್ರ ಎಣಿಸಬಲ್ಲ ನೆಂಟರು ನಮ್ಮಲ್ಲೂ ಇದ್ದಾರಾದ್ದರಿಂದ ನಾನು ಹೆಚ್ಚು ಆಶ್ಚರ್ಯಪಡಲಿಲ್ಲ.

ಕೊನೆಗೆ ಹೆಸರು ಎಂದರೇನು ಎಂದು ವಿವರಿಸುವ ಗೋಜನ್ನೇ ಬಿಟ್ಟು, ಅಲ್ಪವಿರಾಮವಲ್ಲದ್ದೆಲ್ಲ ಹೆಸರು ಎಂದು ಬರೆದೆ. ಅದಕ್ಕೆ ಆವರಣದ ಒಳಗೆ ಮೊದಲಿಗೆ ಟೋಪಿ ಚಿಹ್ನೆ ಇಡಬೇಕು. ಅದೇ ಟೋಪಿಯನ್ನು ಹೊರಗಿಟ್ಟರೆ ಸಾಲಿನ ಆರಂಭ ಎಂದರ್ಥ, ಒಳಗಿಟ್ಟರೆ ಅಲ್ಲ ಎಂದರ್ಥ. ಇದನ್ನು ಅರಿಯಲು ಇನ್ನೊಂದು ಸಂಜೆ ಕಳೆಯಿತು.

ಆಮೇಲೆ ಪುಸ್ತಕ ಪೂರ್ತಿ ಟೈಪು ಮಾಡಿ ಓಡಿಸಿದರೆ, 143ನೆಯ ಸಾಲಿನಲ್ಲಿ ಪ್ರೋಗ್ರಾಮು ಮುಗ್ಗರಿಸಿ ನಿಂತಿತು. ಹುಡುಕಿದ್ದು ಸಿಗದಿದ್ದರೆ ಪೈಥಾನ್ ‘ನನ್’ ಎಂಬ ಶೂನ್ಯವನ್ನು ಕೊಡುತ್ತದೆ, ಆ ಶೂನ್ಯದಿಂದ ಮೊತ್ತವನ್ನು ತೆಗೆಯಲು ಹೋದರೆ ಸಿಟ್ಟಾಗುತ್ತದೆ. ಡಾಲರನ್ನು ಅನುಮಾನಿಸಿದೆ, ಅಲ್ಪವಿರಾಮವನ್ನು ಅನುಮಾನಿಸಿದೆ, ಕೊನೆಯಲ್ಲಿ ಕಾಣದ ಖಾಲಿ ಜಾಗವಿರಬಹುದೆಂದು ಅದಕ್ಕೂ ಒಂದು ಚಿಹ್ನೆ ಸೇರಿಸಿದೆ. ಒಂದೂವರೆ ಗಂಟೆಯಾದರೂ ಅದು ಏನೂ ಸಿಗಲಿಲ್ಲವೆಂದೇ ಹೇಳುತ್ತಿತ್ತು. ಬೇಸತ್ತು ಮೂಲ ಪುಸ್ತಕವನ್ನೇ ತೆರೆದು ನೋಡಿದಾಗ, ಹೆಸರು ಮತ್ತು ಊರಿನ ಮುಂದೆ, ಮೊತ್ತವಿರಬೇಕಾದ ಕಡೆ ಅಪ್ಪ ಸಣ್ಣ ಅಕ್ಷರದಲ್ಲಿ ‘ಕವರ್ ಖಾಲಿ’ ಎಂದು ಬರೆದಿದ್ದರು. ನಾನು ಅರ್ಥವನ್ನು ಗಮನಿಸದೆ ಅದನ್ನೂ ಶ್ರದ್ಧೆಯಿಂದ ಟೈಪು ಮಾಡಿದ್ದೆ.

ವಿಷಯವನ್ನು ಅಮ್ಮನಿಗೆ ತಿಳಿಸಿದೆ. ಅವರು ಆ ಹೆಸರನ್ನು ಎರಡು ಸಲ ಹೇಳಿಸಿಕೊಂಡು, ಒಳಗೆ ಹೋಗಿ, ಮುಂದಿನ ತಿಂಗಳ ಕರೆಯೋಲೆಗಳ ಕಟ್ಟಿನಿಂದ ಒಂದನ್ನು ಹುಡುಕಿ ತಂದು, ಅದರೊಳಗೆ ಆಗಲೇ ತೆಗೆದಿರಿಸಿದ್ದ 501 ರೂಪಾಯಿಯ ಕವರನ್ನು ಬಿಚ್ಚತೊಡಗಿದರು.