ಸಿಡಿಯುವ ಮೊದಲೇ ಆ ಮಗುವನ್ನು ಹೊರಗೆ ಬಿಡಿ

"ಶಾಲೆಯಲ್ಲಿ ಸುಮ್ನೆ ಕೂತಿರ್ತಾನಲ್ಲ, ಮನೆಗೆ ಬಂದ ಮೇಲೆ ಯಾಕ್ರೀ ಹಂಗ್ ಮಾಡ್ತಾನ?"

ಆಟಿಸಂ ಇರುವ ಮಗುವಿನ ತಾಯಿಗೆ ನಮ್ಮ ಕೊಪ್ಪಳ ಕಡೆ ಎಷ್ಟೋ ಶಿಕ್ಷಕರು ಹೀಗೆ ಕೇಳುತ್ತಾರೆ, ತಪ್ಪೆಲ್ಲ ಆ ತಾಯಿಯದೇ ಅನ್ನುವ ಹಾಗೆ. ನಾನೂ ಶಿಕ್ಷಕಿ. ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಆ ಮಗು ಬೆಳಗಿನಿಂದ ತಡೆದುಕೊಂಡೇ ಕೂತಿರುತ್ತದೆ ರೀ. ಅಷ್ಟೂ ಅಮ್ಮನ ಮುಂದೆ ಹೊರಗೆ ಬರುತ್ತದೆ, ಅಲ್ಲಿ ಹೆದರಿಕೆ ಇಲ್ಲ ಅಂತ.

ನಮ್ಮ ಶಾಲೆಗಳ ಒಂದು ದಿನ ಹೇಗಿರುತ್ತೆ ನೋಡಿ. ಪ್ರಾರ್ಥನೆಗೆ ಮೈಕು, ಡ್ರಮ್ಮು. ಒಂದೇ ಕೋಣೆಯಲ್ಲಿ ಎರಡು ತರಗತಿ, ಈ ಕಡೆ ಮಗ್ಗಿ, ಆ ಕಡೆ ಪದ್ಯ, ಮೇಲೆ ಫ್ಯಾನಿನ ಕಟಕಟ, ಮಾರ್ಚ್ ಬಂತಂದ್ರೆ ನಮ್ಮೂರಿನ ಬಿಸಿಲು ಬೇರೆ. ಬಿಸಿಯೂಟದ ಗಂಟೆ ಹೊಡೆದರೆ ತಟ್ಟೆ ಸದ್ದು, ನೂಕಾಟ, ಸಾಂಬಾರಿನ ವಾಸನೆ. ನಾವು ಇದನ್ನೆಲ್ಲ ಕೇಳಿಯೂ ಕೇಳದಂತೆ ಇರಬಲ್ಲೆವು, ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಅದು ಆಗಲ್ಲ. ಅದರ ಮೇಲೆ ದಿಢೀರಂತ "ಇವತ್ತು ಗಣಿತ ಇಲ್ಲ, ಸರ್ ಟ್ರೇನಿಂಗಿಗೆ ಹೋಗ್ಯಾರ, ಗ್ರೌಂಡಿಗೆ ನಡೀರಿ" ಅಂದುಬಿಟ್ಟರೆ ಮುಗೀತು. ಬದಲಾವಣೆ ಇದ್ದರೆ ಬೆಳಿಗ್ಗೆಯೇ ಆ ಮಗುವಿಗೆ ಹೇಳಿ, ಬೋರ್ಡಿನ ಮೂಲೆಯಲ್ಲಿ ಬರೆದಿಡಿ. ಓದಲು ಬರದಿದ್ದರೆ ಚಿತ್ರ ಬರೆಯಿರಿ.

ನನ್ನ ತರಗತಿಯ ಹುಡುಗನೊಬ್ಬ ಕಷ್ಟ ಆಗಲು ಶುರುವಾದಾಗ ಅಂಗಿಯ ಚುಂಗನ್ನು ಬೆರಳಿಗೆ ಸುತ್ತುತ್ತಾನೆ, ಬೆರಳ ತುದಿ ಬೆಳ್ಳಗಾಗುವಷ್ಟು ಬಿಗಿಯಾಗಿ. ಆಮೇಲೆ ಕಿವಿ ಮುಚ್ಚುತ್ತಾನೆ. ಅಳು, ಕಿರುಚಾಟ ಎಲ್ಲ ಅದರ ನಂತರ. ಅವನಿಗೆ ಹಳೆಯ ಲಗ್ನಪತ್ರಿಕೆ ಕತ್ತರಿಸಿ ಒಂದು ಹಳದಿ ಚೀಟಿ ಮಾಡಿಕೊಟ್ಟಿದ್ದೇನೆ. ಅದನ್ನು ನನ್ನ ಟೇಬಲ್ ಮೇಲಿಟ್ಟು ಹೋಗಬಹುದು, ಕಾರಣ ಹೇಳಬೇಕಿಲ್ಲ. ಕಿಟಕಿಯಿಂದ ನನಗೆ ಕಾಣುವ ಬೇವಿನ ಕಟ್ಟೆ ಮೇಲೆ ಕೂತು, ಕೈ ಅಲ್ಲಾಡಿಸುತ್ತ ಇದ್ದು, ತಾನೇ ವಾಪಸ್ ಬರುತ್ತಾನೆ. ಕೈ ಅಲ್ಲಾಡಿಸುವುದನ್ನು ದಯವಿಟ್ಟು ಯಾರೂ ಹಿಡಿದು ನಿಲ್ಲಿಸಬೇಡಿ, ಅವನ ಸಮಾಧಾನ ಅದರಲ್ಲೇ ಇದೆ.

"ಹಿಂಗ್ ಬಿಟ್ರ ಎಲ್ಲಾರೂ ಚೀಟಿ ಕೇಳ್ತಾರ" ಅಂತ ಸಹೋದ್ಯೋಗಿಗಳು ಹೇಳುವುದುಂಟು. ಒಬ್ಬರೂ ಕೇಳಿಲ್ಲ. ಬದಲಿಗೆ ಪಕ್ಕದ ಸಾಲಿನ ಹುಡುಗಿ ನನಗಿಂತ ಮೊದಲೇ ಗುರುತಿಸಿ, "ಟೀಚರ್ರೀ, ಅಂವ ಬೆರಳಿಗೆ ಸುತ್ತಾಕತ್ಯಾನ" ಅನ್ನುತ್ತಾಳೆ.

ಅಷ್ಟಾದರೂ ಕೆಲವೊಮ್ಮೆ ಕೈಮೀರುತ್ತದೆ. ಆಗ ಬುದ್ಧಿವಾದ ಬೇಡ, ಪ್ರಶ್ನೆ ಬೇಡ, "ನನ್ನ ಮುಖ ನೋಡು" ಅನ್ನುವುದಂತೂ ಬೇಡವೇ ಬೇಡ. ಉಳಿದ ಮಕ್ಕಳನ್ನು ದೂರ ಕರೆದುಕೊಂಡು ಹೋಗಿ, ಪೆಟ್ಟಾಗದಂತೆ ನೋಡಿಕೊಂಡು ಹತ್ತಿರದಲ್ಲೇ ಇರಿ. ಮಾತು ಆಮೇಲೆ.

ಇದು ಯಾರೋ ದಯೆ ತೋರಿಸಿ ಕೊಡುವ ಸೌಲಭ್ಯ ಅಂತ ತಂದೆ ತಾಯಿ ಹಿಂಜರಿಯುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಯ ವಿಕಲತೆಗಳಲ್ಲಿ ಆಟಿಸಂ ಕೂಡ ಇದೆ, ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲವನ್ನು ಶಾಲೆ ಮಾಡಿಕೊಡಬೇಕು ಎಂದು ಅದರ 16ನೇ ಸೆಕ್ಷನ್ ಹೇಳುತ್ತದೆ. ಬಿಆರ್‌ಸಿಯಲ್ಲಿ (ಬ್ಲಾಕ್ ಮಟ್ಟದ ಶಿಕ್ಷಣ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳ ಕಲಿಕೆಗೆಂದೇ ಇರುವ ಶಿಕ್ಷಕರನ್ನು ಕೇಳಿ, ಅವರ ಕೆಲಸವೇ ಇದು.

ತಂದೆ ತಾಯಿಯರೇ, ಶಾಲೆ ಶುರುವಾಗುವಾಗ ತರಗತಿ ಶಿಕ್ಷಕರಿಗೆ ಒಂದು ಹಾಳೆ ಬರೆದುಕೊಡಿ. ಮಗುವಿಗೆ ಯಾವುದು ತಡೆಯಲ್ಲ, ಕಷ್ಟ ಆಗುವ ಮೊದಲು ಏನು ಮಾಡುತ್ತೆ, ಯಾವುದರಿಂದ ಸಮಾಧಾನ ಆಗುತ್ತೆ, ಇಷ್ಟು ಸಾಕು. ಒಂದು ಜೆರಾಕ್ಸ್ ನಿಮ್ಮ ಹತ್ತಿರ ಇರಲಿ, ನಡುವೆ ಟೀಚರ್ ವರ್ಗ ಆದರೆ ಹೊಸಬರಿಗೆ ಕೊಡಲು ಬೇಕಾಗುತ್ತದೆ.